ಅಭಯದಾನವೋ, ಹಿಂಸಾದಾನವೋ: ಸೈಬರ್ ಕಾವಲಿನ ಸ್ವಯಂಸೇವಕರ ಧರ್ಮಸೂಕ್ಷ್ಮ

ಅರಸನು ಪ್ರಜೆಗಳಿಂದ ಪಡೆಯುವ ಬೆಳೆಯ ಆರನೆಯ ಒಂದು ಪಾಲು ಅವನು ಮಾಡುವ ರಕ್ಷಣೆಗೆ ಸಲ್ಲುವ ಸಂಬಳವೆಂಬುದು ಭಾರತದ ಧರ್ಮಸೂತ್ರಗಳ ಹಳೆಯ ನಿಲುವು. ಕಾಯುವುದು ಆಳುವವನ ಕೆಲಸ, ಕಾವಲಿನ ವೆಚ್ಚ ಹೊರುವುದು ಆಳಿಸಿಕೊಳ್ಳುವವರ ಕೆಲಸ ಎಂಬ ಈ ಒಪ್ಪಂದವು ಅರಸರು ಹೋಗಿ ಸಂವಿಧಾನಗಳು ಬಂದ ಮೇಲೂ ತೆರಿಗೆ ಮತ್ತು ಸೇನೆಗಳ ರೂಪದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದುಬಂದಿದೆ. ಕಳೆದ ಎರಡು ದಶಕಗಳಲ್ಲಿ ಒಂದು ಕ್ಷೇತ್ರದಲ್ಲಿ ಮಾತ್ರ ಅದು ತಲೆಕೆಳಗಾಗಿದೆ. ಗಣಕಯಂತ್ರಗಳನ್ನೂ ಅವುಗಳನ್ನು ಬೆಸೆಯುವ ಜಾಲಗಳನ್ನೂ ಕೆಡಿಸುವ, ಅವುಗಳಲ್ಲಿನ ಮಾಹಿತಿಯನ್ನು ಕದಿಯುವ ಅಥವಾ ಅವುಗಳನ್ನು ಸ್ತಬ್ಧಗೊಳಿಸುವ ಆಕ್ರಮಣಕ್ಕೆ ಸೈಬರ್ ದಾಳಿ ಎಂದು ಹೆಸರು. ಅದನ್ನು ತಡೆಯಬಲ್ಲ ಕೌಶಲವು ಸರ್ಕಾರಿ ಕಚೇರಿಗಳಲ್ಲಿ ಇರುವುದಕ್ಕಿಂತ ಬ್ಯಾಂಕು, ದೂರಸಂಪರ್ಕ ಕಂಪನಿ, ವಿಶ್ವವಿದ್ಯಾಲಯ ಮತ್ತು ತಂತ್ರಾಂಶ ಸಂಸ್ಥೆಗಳ ನೌಕರರಲ್ಲಿ ಹೆಚ್ಚಾಗಿದೆ. ಆದ್ದರಿಂದ ಕಾಯಬೇಕಾದ ರಾಜ್ಯವನ್ನೇ ಅದರ ಪ್ರಜೆಗಳು, ಅದೂ ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಕಾಯುವ ಪರಿಸ್ಥಿತಿ ಹಲವು ದೇಶಗಳಲ್ಲಿ ಬಂದಿದೆ.

ಹೀಗೆ ಸಲ್ಲುವ ಸೇವೆಯನ್ನು ದಾನವೆನ್ನಬೇಕೇ ಯುದ್ಧವೆನ್ನಬೇಕೇ ಎಂಬುದು ಇಲ್ಲಿನ ಪ್ರಶ್ನೆ. ಸೈನಿಕನ ಧರ್ಮದ ಬಗ್ಗೆ ಎಲ್ಲ ಮತಗಳೂ ವಿಸ್ತಾರವಾಗಿ ಮಾತನಾಡಿವೆ, ಸಂನ್ಯಾಸಿಯ ಧರ್ಮದ ಬಗ್ಗೆ ಇನ್ನೂ ವಿಸ್ತಾರವಾಗಿ ಮಾತನಾಡಿವೆ. ಆದರೆ ಈ ಸ್ವಯಂಸೇವಕನು ಸೈನಿಕನೂ ಅಲ್ಲ, ಸಂನ್ಯಾಸಿಯೂ ಅಲ್ಲ, ಹಗಲು ಉದ್ಯೋಗ ಮಾಡಿ ಸಂಜೆ ಮನೆಗೆ ಮರಳುವ ಗೃಹಸ್ಥ. ಗೃಹಸ್ಥನ ಕೈಯಿಂದ ಆಗಬಹುದಾದ ಹಿಂಸೆಯನ್ನು ಬಿಡಿಬಿಡಿಯಾಗಿ ಎಣಿಸಿ, ತೂಗಿ, ಅದಕ್ಕೆ ಎಲ್ಲೆ ಕಟ್ಟಿದ ಚಿಂತನೆಯನ್ನು ಹುಡುಕುವುದಾದರೆ ಜೈನರ ಶ್ರಾವಕಾಚಾರಕ್ಕೆ, ಅಂದರೆ ಸಂಸಾರದಲ್ಲಿದ್ದುಕೊಂಡೇ ಧರ್ಮ ಪಾಲಿಸುವವರಿಗಾಗಿ ಬರೆದ ಆಚಾರಶಾಸ್ತ್ರಕ್ಕೆ, ಸಮನಾದುದು ಭಾರತದಲ್ಲಿ ಮತ್ತೊಂದಿಲ್ಲ. ಸಾವಿರ ವರ್ಷಕ್ಕೂ ಹಿಂದಿನ ಆ ಶಾಸ್ತ್ರದ ಪರಿಭಾಷೆ ಈ ಹೊಸ ಪ್ರಶ್ನೆಗೆ ಅಚ್ಚರಿಯಾಗುವಷ್ಟು ಹೊಂದಿಕೊಳ್ಳುತ್ತದೆ.

ಮೊದಲು ಸಂಗತಿಯನ್ನು ನೋಡಬೇಕು. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ, ಸುಮಾರು 13 ಲಕ್ಷ ಜನಸಂಖ್ಯೆಯ ಎಸ್ಟೋನಿಯಾ 2007ರ ಮಾರ್ಚ್ ತಿಂಗಳ ಸಂಸತ್ ಚುನಾವಣೆಯಲ್ಲಿ ಅಂತರಜಾಲದ ಮೂಲಕ ಮತ ಹಾಕಲು ಅವಕಾಶ ಕೊಟ್ಟು ಜಗತ್ತಿಗೇ ಮೊದಲೆನಿಸಿಕೊಂಡಿತ್ತು; ಅಲ್ಲಿ ಬ್ಯಾಂಕಿನ ವ್ಯವಹಾರವೂ ಸರ್ಕಾರದ ವ್ಯವಹಾರವೂ ಆ ಹೊತ್ತಿಗೆ ಬಹುಪಾಲು ಜಾಲದ ಮೇಲೆ ನಿಂತಿದ್ದವು. ಮರುತಿಂಗಳ ಕೊನೆಯಲ್ಲಿ ಸರ್ಕಾರವು ರಾಜಧಾನಿ ತಾಲಿನ್ನಿನ ನಡುವಿದ್ದ, ಸೋವಿಯತ್ ಕಾಲದ ‘ಕಂಚಿನ ಸೈನಿಕ’ ಸ್ಮಾರಕವನ್ನು ಸೈನಿಕ ಸ್ಮಶಾನಕ್ಕೆ ಸ್ಥಳಾಂತರಿಸಲು ಹೊರಟಾಗ ಬೀದಿಗಳಲ್ಲಿ ಗಲಭೆ ಎದ್ದಿತು. ಏಪ್ರಿಲ್ 27ರಿಂದ ಸುಮಾರು ಮೂರು ವಾರಗಳ ಕಾಲ ಸರ್ಕಾರಿ ಇಲಾಖೆ, ಬ್ಯಾಂಕು, ಪತ್ರಿಕೆಗಳ ಜಾಲತಾಣಗಳ ಮೇಲೆ ಅಲೆಯಲೆಯಾಗಿ ದಾಳಿ ನಡೆಯಿತು. ಇವು ಬಹುಪಾಲು ಸೇವಾ ನಿರಾಕರಣೆ ದಾಳಿಗಳು: ಅಸಂಖ್ಯ ಯಂತ್ರಗಳಿಂದ ಒಂದೇ ಸಮಯಕ್ಕೆ ಸುಳ್ಳು ಕೋರಿಕೆಗಳನ್ನು ಸುರಿದು, ಗುರಿಯಾದ ಸರ್ವರಿನ ಶಕ್ತಿಯನ್ನೆಲ್ಲ ಅವುಗಳಿಗೆ ಉತ್ತರಿಸುವುದರಲ್ಲೇ ಕಳೆದು, ನಿಜವಾದ ಬಳಕೆದಾರನಿಗೆ ಏನೂ ದೊರೆಯದಂತೆ ಮಾಡುವ ವಿಧಾನ. ಹೀಗೆ ದಾಳಿ ಮಾಡಿದ ಯಂತ್ರಗಳಲ್ಲಿ ಅನೇಕವು ಹಲವು ದೇಶಗಳ ಸಾಮಾನ್ಯ ಮನೆಗಳವು. ತಮ್ಮ ಗಣಕಯಂತ್ರ ಕುತಂತ್ರಾಂಶಕ್ಕೆ ವಶವಾಗಿ ಮೂರನೆಯವರ ಮಾತು ಕೇಳುತ್ತಿದೆಯೆಂಬುದು ಅವುಗಳ ಒಡೆಯರಿಗೇ ಗೊತ್ತಿರಲಿಲ್ಲ.

ಆ ಮೂರು ವಾರ ಎಸ್ಟೋನಿಯಾವನ್ನು ಕಾದವರು ಯಾರು? ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಪುಟ್ಟ ಸರ್ಕಾರಿ ತಂಡವೊಂದು, ಮತ್ತು ಅದರ ಸುತ್ತ ತಾವಾಗಿಯೇ ನೆರೆದ ಬ್ಯಾಂಕು ಹಾಗೂ ಅಂತರಜಾಲ ಕಂಪನಿಗಳ ತಜ್ಞರು. ಅವರ ನಡುವೆ ಇದ್ದದ್ದು ಹಳೆಯ ಪರಿಚಯ ಮತ್ತು ಪರಸ್ಪರ ನಂಬಿಕೆ. ಅವರ ಮೇಲೆ ಆಜ್ಞೆಯಾಗಲಿ ಕರಾರಾಗಲಿ ಇರಲಿಲ್ಲ. ಇಲ್ಲಿ ಸುಲಭವಾಗಿ ಕಣ್ತಪ್ಪುವ ಇನ್ನೊಂದು ಸಂಗತಿಯಿದೆ. ದಾಳಿಯ ಹಿಂದೆ ರಷ್ಯಾ ಇದೆಯೆಂದು ಎಸ್ಟೋನಿಯಾದ ನಾಯಕರು ಆರೋಪಿಸಿದರು, ರಷ್ಯಾ ನಿರಾಕರಿಸಿತು. ಆದರೆ ಹೇಗೆ ದಾಳಿ ಮಾಡಬೇಕೆಂಬ ಸೂಚನೆಗಳು ರಷ್ಯನ್ ಭಾಷೆಯ ತಾಣಗಳಲ್ಲಿ ಬಹಿರಂಗವಾಗಿ ಹರಿದಾಡಿದ್ದವು, ಅವನ್ನು ಓದಿ ಕೈಜೋಡಿಸಿದವರಲ್ಲಿ ದೇಶಾಭಿಮಾನದಿಂದ, ಸತ್ತ ಸೈನಿಕರ ನೆನಪಿಗೆ ಅವಮಾನವಾಯಿತೆಂಬ ನೋವಿನಿಂದ ಹಾಗೆ ಮಾಡಿದವರಿದ್ದರು. 2008ರಲ್ಲಿ ಎಸ್ಟೋನಿಯಾದ ನ್ಯಾಯಾಲಯ ದಂಡ ವಿಧಿಸಿದ ಒಬ್ಬ ವ್ಯಕ್ತಿ ಆ ದೇಶದವನೇ ಆದ ಯುವ ವಿದ್ಯಾರ್ಥಿ. ಅಂದರೆ ಕಾದವರೂ ಸ್ವಯಂಸೇವಕರು, ಕೆಡಿಸಿದವರಲ್ಲೂ ಸ್ವಯಂಸೇವಕರು. ಎರಡೂ ಕಡೆ ಸಂಬಳವಿರಲಿಲ್ಲ, ಎರಡೂ ಕಡೆ ತಾವು ಮಾಡುತ್ತಿರುವುದು ಸೇವೆಯೆಂಬ ಭಾವನೆಯಿತ್ತು.

ಈ ಸಮತೆಯೇ ಇಡೀ ಪ್ರಶ್ನೆಯನ್ನು ತಾತ್ವಿಕವಾಗಿಸುತ್ತದೆ. ಫಲದ ಆಸೆಯಿಲ್ಲದೆ ಮಾಡಿದ ಕರ್ಮ ಕಟ್ಟಿಹಾಕುವುದಿಲ್ಲವೆಂಬ ಭಗವದ್ಗೀತೆಯ ಬೋಧೆಯನ್ನು ಸ್ವಯಂಸೇವೆಯ ಎಲ್ಲ ಬಗೆಗಳಿಗೂ ಆಧಾರವಾಗಿ ಉಲ್ಲೇಖಿಸುವುದು ರೂಢಿ. ಆದರೆ ಗೀತೆಯಲ್ಲಿ ನಿಷ್ಕಾಮವು ಒಂಟಿಯಾಗಿ ನಿಂತಿಲ್ಲ, ಅದು ಸ್ವಧರ್ಮದ, ಅಂದರೆ ವ್ಯಕ್ತಿಯ ಸ್ಥಾನಕ್ಕೆ ಮೊದಲೇ ಗೊತ್ತುಪಡಿಸಿದ ಕರ್ತವ್ಯದ, ಚೌಕಟ್ಟಿನೊಳಗೆ ಕೂತಿದೆ. ಅರ್ಜುನ ಏನು ಮಾಡಬೇಕೆಂಬುದನ್ನು ಅವನ ಕ್ಷತ್ರಿಯತ್ವ ಹೇಳುತ್ತದೆ, ಹೇಗೆ ಮಾಡಬೇಕೆಂಬುದನ್ನು ಮಾತ್ರ ನಿಷ್ಕಾಮ ಹೇಳುತ್ತದೆ. ಸ್ವಧರ್ಮವನ್ನು ತೆಗೆದುಹಾಕಿ ನಿಷ್ಕಾಮವೊಂದನ್ನೇ ಉಳಿಸಿಕೊಂಡರೆ ತಾಲಿನ್ನಿನ ತಜ್ಞನೂ ಅವನ ಎದುರಾಳಿಯೂ ಸಮಾನ ಯೋಗಿಗಳಾಗಿಬಿಡುತ್ತಾರೆ. ಸೈಬರ್ ಸ್ವಯಂಸೇವಕನಿಗೆ ಹುಟ್ಟಿನಿಂದ ಬಂದ ಇಂಥ ಸ್ಥಾನವಿಲ್ಲ, ಹುದ್ದೆಯಿಂದ ಬಂದದ್ದೂ ಇಲ್ಲ. ಆದ್ದರಿಂದ ಅವನ ಕೆಲಸದ ಒಳಿತು ಕೆಡುಕನ್ನು ಅವನ ಮನಸ್ಸಿನ ಶುದ್ಧಿಯಿಂದ ಅಳೆಯಲು ಸಾಧ್ಯವಿಲ್ಲ. ಅವನು ಏನನ್ನು ಕೊಡುತ್ತಿದ್ದಾನೆ, ಯಾರಿಗೆ, ಯಾವ ಕಟ್ಟಿಗೆ ಒಳಪಟ್ಟು ಎಂಬುದರಿಂದಲೇ ಅಳೆಯಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಜೈನ ಪರಂಪರೆಯಲ್ಲಿ ಪ್ರಸಿದ್ಧವಾದವು, ಕರ್ನಾಟಕದ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಮತ್ತೆ ಮತ್ತೆ ಬರುವಂಥವು. ಅಭಯದಾನವೆಂದರೆ ಭಯದಲ್ಲಿರುವ ಜೀವಿಗೆ ಆ ಭಯದಿಂದ ಬಿಡುಗಡೆ ಕೊಡುವುದು. ಉಳಿದ ಮೂರರಲ್ಲಿರುವಂತೆ ಇದರಲ್ಲಿ ಕೈಯಿಂದ ಕೈಗೆ ದಾಟುವ ವಸ್ತುವಿಲ್ಲ, ಆದರೂ ಅದನ್ನು ದಾನವೆಂದೇ ಎಣಿಸಿದ್ದಾರೆ. ಸೈಬರ್ ದಾಳಿಯನ್ನು ತಡೆಯುವವನು ಕೊಡುವುದು ಇದನ್ನೇ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ, ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ಕುತಂತ್ರಾಂಶವು ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡಿ ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಿಗೆ ನುಗ್ಗಿದಾಗ ವೈದ್ಯರು ರೋಗಿಗಳ ದಾಖಲೆ ತೆರೆಯಲಾಗದೆ ನಿಗದಿಯಾಗಿದ್ದ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಕೋವಿಡ್ ಹರಡಿದ 2020ರ ಮಾರ್ಚಿನಲ್ಲಿ ಹಲವು ದೇಶಗಳ ಭದ್ರತಾ ತಜ್ಞರು ‘ಸಿಟಿಐ ಲೀಗ್’ ಎಂಬ ಕೂಟ ಕಟ್ಟಿಕೊಂಡು, ಆಸ್ಪತ್ರೆಗಳ ಯಂತ್ರಗಳಲ್ಲಿ ಇನ್ನೂ ದಾಳಿಕೋರರ ಕಣ್ಣಿಗೆ ಬೀಳದ ಬಿರುಕುಗಳನ್ನು ಹುಡುಕಿ ಎಚ್ಚರಿಸುವ ಕೆಲಸಕ್ಕೆ ಇಳಿದದ್ದು ಇಂಥ ಅನುಭವದ ಹಿನ್ನೆಲೆಯಲ್ಲಿ. ಆ ರೋಗಿಗಳಿಗೆ ತಮ್ಮನ್ನು ಕಾದವರಿದ್ದರೆಂಬುದೇ ತಿಳಿಯದು. ಪಡೆದವನಿಗೆ ಪಡೆದೆನೆಂಬ ಅರಿವೂ ಇಲ್ಲದ ದಾನಕ್ಕಿಂತ ನಿರ್ಮಲವಾದ ದಾನವನ್ನು ಊಹಿಸುವುದು ಕಷ್ಟ.

ಆದರೆ ಜೈನ ಆಚಾರ್ಯ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ದಾನದ ಯೋಗ್ಯತೆಯನ್ನು ನಾಲ್ಕು ಅಂಗಗಳಿಂದ ನಿರ್ಣಯಿಸುತ್ತದೆ: ಕೊಡುವ ವಿಧಿ, ಕೊಟ್ಟ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಸೈಬರ್ ಕಾವಲಿನ ದಾನದಲ್ಲಿ ಪಾತ್ರ ಯಾರು ಎಂಬಲ್ಲಿಯೇ ತೊಡಕು. ರಾಜ್ಯವೇ ಪಾತ್ರವೆಂದು ಭಾವಿಸಿದರೆ, ರಾಜ್ಯವು ದಾನಕ್ಕೆ ಯೋಗ್ಯವಾದ ಪಾತ್ರವೆಂದು ಯಾವ ಶಾಸ್ತ್ರವೂ ಹೇಳದು. ತೆರಿಗೆ ಎತ್ತುವ, ಸೆರೆಮನೆ ನಡೆಸುವ, ಯುದ್ಧ ಸಾರುವ ಸಂಸ್ಥೆಗೆ ದಾನದ ಹಂಗಿಲ್ಲ. ಪಾತ್ರವು ನಿಜವಾಗಿ ಆ ರಾಜ್ಯದ ಜಾಲಗಳ ಮೇಲೆ ಅವಲಂಬಿಸಿದ ರೋಗಿ, ಪಿಂಚಣಿದಾರ, ಸಂಬಳದ ದಿನ ಎಟಿಎಂ ಮುಂದೆ ನಿಂತ ಕಾರ್ಮಿಕ. ರಾಜ್ಯ ಅವರಿಗೆ ತಲುಪಿಸುವ ದಾರಿ ಮಾತ್ರ. ಈ ವ್ಯತ್ಯಾಸ ಬರಿಯ ತರ್ಕದ ಕಸರತ್ತಲ್ಲ, ಯಾವ ಕೆಲಸ ಒಪ್ಪಿಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ದಾತೃವಿನ ವಿಷಯ ಇಷ್ಟು ಜಟಿಲವಲ್ಲ, ಅವನ ಹಿಂದಿನ ತಪ್ಪು ಇಂದಿನ ದಾನವನ್ನು ಅಳಿಸದು. ವಾನ್ನಾಕ್ರೈ ಸಂಕೇತದಲ್ಲಿ ಅಡಗಿದ್ದ, ಯಾರೂ ನೋಂದಾಯಿಸದ ಜಾಲವಿಳಾಸವೊಂದನ್ನು ತನ್ನ ಹೆಸರಿಗೆ ನೋಂದಾಯಿಸಿ ಅದರ ಹರಡುವಿಕೆಯನ್ನು ನಿಲ್ಲಿಸಿದ ಬ್ರಿಟಿಷ್ ಯುವಕನನ್ನು ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು, ಅವನು ಹಿಂದೆ ಬ್ಯಾಂಕ್ ಖಾತೆ ಕದಿಯುವ ಕುತಂತ್ರಾಂಶ ಬರೆದಿದ್ದನೆಂದು ಬಂಧಿಸಿದರು. ಅವನು ತಪ್ಪೊಪ್ಪಿಕೊಂಡ ಮೇಲೆ 2019ರಲ್ಲಿ ನ್ಯಾಯಾಧೀಶರು ಹೆಚ್ಚಿನ ಸೆರೆವಾಸ ವಿಧಿಸದೆ ಬಿಟ್ಟರು. ಆ ತೀರ್ಪು ಸರಿಯೆಂದೇ ಹೇಳಬೇಕು.

ಕಾವಲು ಎಷ್ಟೇ ಶುದ್ಧವಾದರೂ ಅದು ಬಲಪ್ರಯೋಗದ ಸಮೀಪದಲ್ಲೇ ನಿಂತಿರುತ್ತದೆ. ದಾಳಿಯ ಮೂಲವನ್ನು ಹುಡುಕುತ್ತ ಹೋದವನು ಪರರ ಯಂತ್ರದ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಒಳಗೆ ಕಾಲಿಟ್ಟರೆ ದಾಳಿಯನ್ನೇ ನಿಲ್ಲಿಸಬಹುದೆಂದು ಅವನಿಗೆ ತಿಳಿದಿರುತ್ತದೆ. ಗೃಹಸ್ಥನ ಹಿಂಸೆಯನ್ನು ಜೈನ ಆಚಾರಶಾಸ್ತ್ರ ನಾಲ್ಕಾಗಿ ವಿಂಗಡಿಸುವುದು ಇಲ್ಲಿ ನೆರವಿಗೆ ಬರುತ್ತದೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ, ಆಕ್ರಮಣವನ್ನು ಎದುರಿಸುವಾಗ ಆಗುವುದು ವಿರೋಧೀ ಹಿಂಸೆ, ಕೊಲ್ಲಬೇಕು ಕೆಡಿಸಬೇಕು ಎಂದು ನಿಶ್ಚಯಿಸಿಯೇ ಮಾಡುವುದು ಸಂಕಲ್ಪೀ ಹಿಂಸೆ. ಗೃಹಸ್ಥನು ಪೂರ್ತಿಯಾಗಿ ಬಿಡಬೇಕಾದದ್ದು ಕೊನೆಯದನ್ನು. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ಗಂಗರ ಸೇನಾಪತಿಯಾಗಿ ಹಲವು ಯುದ್ಧಗಳನ್ನು ಗೆದ್ದ, 978ರಲ್ಲಿ ತನ್ನ ಹೆಸರಿನ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಂಥವನು ಅಹಿಂಸೆಯನ್ನು ಪರಮಧರ್ಮವೆನ್ನುವ ಮತದಲ್ಲಿ ಶ್ರಾವಕನಾಗಿ ಉಳಿಯಲು ಸಾಧ್ಯವಾದದ್ದು ಈ ವಿಂಗಡಣೆಯ ಬಲದಿಂದ. ವಿರೋಧೀ ಹಿಂಸೆಯೂ ಹಿಂಸೆಯೇ, ಅದಕ್ಕೆ ಪುಣ್ಯದ ಲೇಪವಿಲ್ಲ. ಅದು ಕ್ಷಮ್ಯವಾಗುವುದು ಎದುರಿಸುವಷ್ಟಕ್ಕೆ ನಿಂತಾಗ ಮಾತ್ರ.

2022ರ ಫೆಬ್ರವರಿಯಲ್ಲಿ ಆ ಗಡಿ ಅಳಿಸಿಹೋದದ್ದನ್ನು ಜಗತ್ತು ಕಂಡಿತು. ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿದ ಎರಡು ದಿನಗಳಲ್ಲಿ, ಅಂದರೆ ಫೆಬ್ರವರಿ 26ರಂದು, ಉಕ್ರೇನಿನ ಉಪಪ್ರಧಾನಿಯಾಗಿದ್ದ ಮಿಖೈಲೊ ಫೆಡೊರೊವ್ ‘ಐಟಿ ಸೇನೆ’ಯೊಂದನ್ನು ಕಟ್ಟುತ್ತಿರುವುದಾಗಿ ಸಾರಿ ಜಗತ್ತಿನ ಯಾರು ಬೇಕಾದರೂ ಸೇರಬಹುದೆಂದು ಕರೆಕೊಟ್ಟರು, ಟೆಲಿಗ್ರಾಂನಲ್ಲಿ ಅದರ ಚಂದಾದಾರರ ಸಂಖ್ಯೆ ಕೆಲವೇ ವಾರಗಳಲ್ಲಿ 3 ಲಕ್ಷದ ಸಮೀಪಕ್ಕೆ ಏರಿತು, ಅವರೆಲ್ಲ ಕೆಲಸ ಮಾಡಿದರೆಂದಲ್ಲ. ಅಲ್ಲಿ ಪ್ರಕಟವಾದ ಗುರಿಗಳ ಪಟ್ಟಿಯಲ್ಲಿ ರಷ್ಯಾದ ಸರ್ಕಾರಿ ತಾಣಗಳ ಜೊತೆಗೆ ಬ್ಯಾಂಕುಗಳೂ ಇಂಧನ ಕಂಪನಿಗಳೂ ಇದ್ದವು. ತಾಂತ್ರಿಕ ಜ್ಞಾನವಿಲ್ಲದವನೂ ತನ್ನ ಮನೆಯ ಗಣಕಯಂತ್ರದಲ್ಲಿ ಒಂದು ಉಪಕರಣವನ್ನು ಅಳವಡಿಸಿ, ರಾತ್ರಿಯಿಡೀ ಚಾಲೂ ಬಿಟ್ಟು ಮಲಗಿ, ಬೆಳಿಗ್ಗೆ ಯುದ್ಧದಲ್ಲಿ ಭಾಗವಹಿಸಿದ ಸಮಾಧಾನದಿಂದ ಏಳಬಹುದಿತ್ತು.

ಆಕ್ರಮಣಕ್ಕೆ ಒಳಗಾದ ದೇಶದ ಪರವಾಗಿ ನಿಂತವರನ್ನು ಆಕ್ರಮಣಕಾರರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ, ಮತ್ತು ಈ ವಿವೇಚನೆಯ ಉದ್ದೇಶ ಅದಲ್ಲ. ಆದರೂ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನು ವರ್ಜಿಸಬೇಕಾದ ಅನರ್ಥದಂಡಗಳ, ಅಂದರೆ ಪ್ರಯೋಜನವಿಲ್ಲದೆ ಪರರಿಗೆ ಕೇಡು ಮಾಡುವ ನಡೆಗಳ, ಐದು ಬಗೆಗಳಲ್ಲಿ ಒಂದನ್ನು ಹಿಂಸಾದಾನವೆಂದು ಕರೆದಿರುವುದು ಇಲ್ಲಿ ನೆನಪಾಗದೆ ಇರದು. ಕತ್ತಿ, ಕೊಡಲಿ, ಬೆಂಕಿ, ಸಂಕೋಲೆಗಳಂಥ ಹಿಂಸೆಯ ಸಾಧನಗಳನ್ನು ಪರರ ಕೈಗೆ ಕೊಡುವುದೇ ಹಿಂಸಾದಾನ. ಕೊಟ್ಟವನು ತಾನು ಬೀಸದಿದ್ದರೂ ಅದು ಅವನ ಲೆಕ್ಕಕ್ಕೆ ಸೇರುತ್ತದೆ. ಯಾರು, ಯಾವ ದೇಶದಲ್ಲಿ, ಯಾವ ವಯಸ್ಸಿನವನು ಬಳಸುತ್ತಾನೆಂದು ತಿಳಿಯದೆ ದಾಳಿಯ ಉಪಕರಣವನ್ನೂ ಗುರಿಯ ವಿಳಾಸವನ್ನೂ ಲಕ್ಷಾಂತರ ಜನರಿಗೆ ಹಂಚುವುದಕ್ಕೆ ಇದಕ್ಕಿಂತ ನಿಖರವಾದ ಹೆಸರು ಆಧುನಿಕ ಕಾನೂನಿನಲ್ಲಿಯೂ ದೊರೆಯದು. ಸಾಮಾನ್ಯ ಖಾತೆದಾರನು ನಂಬಿದ ಬ್ಯಾಂಕನ್ನು ಸ್ತಬ್ಧಗೊಳಿಸುವುದು ವಿರೋಧೀ ಹಿಂಸೆಯ ಎಲ್ಲೆಯನ್ನೂ ದಾಟಿದ್ದು.

ಇದರ ಹೊಣೆ ಯಾರದು? ಜೈನರ ಲೆಕ್ಕದಲ್ಲಿ ಹಿಂಸೆಯು ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು ಎಂದು ಮೂರು ಬಗೆ. ಕೃತ, ಕಾರಿತ, ಅನುಮೋದಿತ ಎಂಬುದು ಅವುಗಳ ಹೆಸರು. ಗುಂಡಿ ಒತ್ತಿದವನದು ಕೃತವಾದರೆ ಪಟ್ಟಿ ಹಂಚಿದ ಸರ್ಕಾರದ್ದು ಕಾರಿತ. ರಾಜ್ಯವು ಸ್ವಯಂಸೇವಕರನ್ನು ಇಷ್ಟಪಡುವುದಕ್ಕೆ ಹಣದ ಉಳಿತಾಯವೊಂದೇ ಕಾರಣವಲ್ಲ. ಗೆಲುವು ತನ್ನದೆಂದು ಹೇಳಿಕೊಂಡು ಕೇಡನ್ನು ‘ಉತ್ಸಾಹಿ ನಾಗರಿಕ’ರ ಮೇಲೆ ಹಾಕುವ ಅನುಕೂಲವೂ ಅದರಲ್ಲಿದೆ. ಈ ಅನುಕೂಲವನ್ನು ಕಾರಿತದ ಪರಿಕಲ್ಪನೆ ಕಿತ್ತುಕೊಳ್ಳುತ್ತದೆ. ಇನ್ನು ಕರೆಗೆ ಓಗೊಟ್ಟವನಿಗೆ ಬರುವ ಅಪಾಯವೂ ಚಿಕ್ಕದಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲನೆಯ ಹೆಚ್ಚುವರಿ ಪ್ರೋಟೋಕಾಲಿನ ಪ್ರಕಾರ ನಾಗರಿಕನಿಗೆ ದಾಳಿಯಿಂದ ಇರುವ ರಕ್ಷಣೆ ಅವನು ಕದನದಲ್ಲಿ ನೇರವಾಗಿ ಭಾಗವಹಿಸುವಷ್ಟು ಕಾಲ ಇಲ್ಲವಾಗುತ್ತದೆ. ಮಹಾಭಾರತದ ಭೀಷ್ಮಪರ್ವದ ಆರಂಭದಲ್ಲಿ ಎರಡು ಪಕ್ಷದವರೂ ಕೂಡಿ ಮಾಡಿಕೊಂಡ ಕಟ್ಟಳೆ ಸಾರಥಿ, ಆಯುಧ ಒದಗಿಸುವವ, ಭೇರಿ ಬಾರಿಸುವವರನ್ನೂ ಹೊಡೆಯಬಾರದೆಂದು ವಿಧಿಸಿತ್ತು. ಇಂದಿನ ಕಾನೂನು ಅಷ್ಟು ಉದಾರವಾಗಿಲ್ಲ, ಮತ್ತು ಮಹಾಭಾರತದ ಯುದ್ಧವೂ ಆ ಕಟ್ಟಳೆಯಂತೆ ನಡೆಯಲಿಲ್ಲ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರ ತಪ್ಪಿದ ಮನೋಸ್ಥಿತಿಯನ್ನು, ಅದರ ಕೇಂದ್ರದಲ್ಲಿಟ್ಟಿದೆ. ಸೈಬರ್ ಲೋಕದಲ್ಲಿ ಈ ಮಾತಿನ ತೂಕ ಹೆಚ್ಚುತ್ತದೆ, ಏಕೆಂದರೆ ಇಲ್ಲಿ ಆಯುಧವು ಗುರಿಯ ಬಳಿ ನಿಲ್ಲುವುದಿಲ್ಲ. ಆಕ್ರಮಣ ಆರಂಭವಾದ 2022ರ ಫೆಬ್ರವರಿ 24ರಂದೇ ‘ವಯಾಸ್ಯಾಟ್’ ಕಂಪನಿಯ ಉಪಗ್ರಹ ಜಾಲದ ಮೇಲೆ ನಡೆದ, ರಷ್ಯಾದ್ದೆಂದು ಐರೋಪ್ಯ ಒಕ್ಕೂಟ ಮತ್ತು ಅಮೆರಿಕ ಹೇಳಿದ ದಾಳಿಯ ಗುರಿ ಉಕ್ರೇನಿನ ಸಂಪರ್ಕ ವ್ಯವಸ್ಥೆಯಾಗಿದ್ದರೂ, ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ಕಡಿದುಹೋಯಿತು. ಅನುಭವಿ ಬೇಹುಪಡೆಯ ಕೈಯಲ್ಲೇ ಹೀಗಾಗುವುದಾದರೆ ಬಿಡುವಿನ ವೇಳೆಯ ಯೋಧನ ಕೈಯಲ್ಲಿ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಅಭಯದಾನವನ್ನು ಹಿಂಸಾದಾನದಿಂದ ಬೇರ್ಪಡಿಸುವುದು ಯಾವುದು? ಉಪಕರಣವಲ್ಲ, ಒಂದೇ ಉಪಕರಣ ಎರಡಕ್ಕೂ ಒದಗುತ್ತದೆ. ಮನಸ್ಸೂ ಅಲ್ಲವೆಂಬುದನ್ನು ಮೇಲೆ ನೋಡಿದ್ದಾಯಿತು. ಬೇರ್ಪಡಿಸುವುದು ವ್ರತ: ಇದನ್ನು ಮಾಡುವುದಿಲ್ಲವೆಂದು ಮುಂಚಿತವಾಗಿ, ಪರರ ಸಮಕ್ಷಮದಲ್ಲಿ ಒಪ್ಪಿಕೊಂಡ ಎಲ್ಲೆ. ಶ್ರಾವಕನ ಅಣುವ್ರತಗಳು ಮುನಿಯ ಮಹಾವ್ರತಗಳಿಗಿಂತ ಸಣ್ಣವು, ಆದರೆ ಅವು ಭಾವನೆಗಳಲ್ಲ, ಕಟ್ಟುಗಳು. ಎಸ್ಟೋನಿಯಾ 2007ರಿಂದ ಕಲಿತದ್ದು ಇದನ್ನೇ ಎನ್ನಬಹುದು. 1918ರಲ್ಲಿ ಹುಟ್ಟಿ, ಸೋವಿಯತ್ ಆಳ್ವಿಕೆಯಲ್ಲಿ ಅಳಿದು, 1990ರಲ್ಲಿ ಮತ್ತೆ ಎದ್ದ ಅಲ್ಲಿನ ಸ್ವಯಂಸೇವಕ ರಕ್ಷಣಾ ಸಂಘದೊಳಗೆ 2011ರಲ್ಲಿ ಸೈಬರ್ ಘಟಕವನ್ನು ಸ್ಥಾಪಿಸಿ, 2013ರ ಕಾಯ್ದೆಯ ಮೂಲಕ ಆ ಸಂಘಕ್ಕೆ ಹೊಸ ಶಾಸನದ ನೆಲೆ ಕೊಟ್ಟರು. ಸದಸ್ಯರ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ, ತಂತ್ರಜ್ಞರೊಡನೆ ವಕೀಲರೂ ಅರ್ಥಶಾಸ್ತ್ರಜ್ಞರೂ ಇರುತ್ತಾರೆ, ಕೆಲಸದ ಬಹುಪಾಲು ತರಬೇತಿ, ಅಣಕು ಕವಾಯತು ಮತ್ತು ಬಿಕ್ಕಟ್ಟಿನಲ್ಲಿ ಸಂಸ್ಥೆಗಳಿಗೆ ನೆರವು. ಅಮೆರಿಕದ ಮಿಷಿಗನ್ ರಾಜ್ಯ 2013ರಲ್ಲಿ ಆರಂಭಿಸಿದ ಸ್ವಯಂಸೇವಕ ಸೈಬರ್ ದಳಕ್ಕೂ 2017ರಲ್ಲಿ ಕಾನೂನು ಬಂದು, ಗೋಪ್ಯತೆಯ ಕರಾರು ಮತ್ತು ಹಿನ್ನೆಲೆ ಪರಿಶೀಲನೆ ಒಂದು ಕಡೆ, ಪ್ರಾಮಾಣಿಕ ತಪ್ಪಿಗೆ ದಾವೆಯಿಂದ ರಕ್ಷಣೆ ಇನ್ನೊಂದು ಕಡೆ ಎಂದು ಎರಡೂ ಬದಿಯ ಹೊಣೆಯನ್ನು ಬರೆದಿಟ್ಟಿತು.

2023ರ ಅಕ್ಟೋಬರಿನಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಸಲಹೆಗಾರರು ಯುದ್ಧಕಾಲದಲ್ಲಿ ಸೈಬರ್ ಕಾರ್ಯಾಚರಣೆಗೆ ಇಳಿಯುವ ನಾಗರಿಕರಿಗಾಗಿ ಎಂಟು ನಿಯಮಗಳನ್ನು ಮುಂದಿಟ್ಟರು. ನಾಗರಿಕ ಸ್ವತ್ತಿನ ಮೇಲೆ ದಾಳಿ ಕೂಡದು, ತಾನಾಗಿ ಹರಡಿ ಗುರಿ ಭೇದವಿಲ್ಲದೆ ಕೆಡಿಸುವ ಕುತಂತ್ರಾಂಶ ಕೂಡದು, ಆಸ್ಪತ್ರೆಯನ್ನು ಮುಟ್ಟಕೂಡದು ಎಂಬಂಥವು ನಿರೀಕ್ಷಿತವೇ. ತಾತ್ವಿಕವಾಗಿ ಗಮನಿಸಬೇಕಾದದ್ದು ಎಂಟನೆಯದು: ಶತ್ರು ಈ ನಿಯಮಗಳನ್ನು ಪಾಲಿಸದಿದ್ದರೂ ಪಾಲಿಸಬೇಕು. ಒಪ್ಪಂದವಾಗಿದ್ದರೆ ಒಂದು ಪಕ್ಷ ಮುರಿದಾಗ ಇನ್ನೊಂದು ಪಕ್ಷ ಬಿಡುಗಡೆ ಹೊಂದುತ್ತದೆ. ವ್ರತಕ್ಕೆ ಎರಡನೆಯ ಪಕ್ಷವೇ ಇಲ್ಲ. ಆ ಎಂಟನೆಯ ನಿಯಮವು ಕಾನೂನಿನ ಭಾಷೆಯಲ್ಲಿ ಬರೆದ ಅಣುವ್ರತ. ಅದು ಅಪ್ರಾಯೋಗಿಕವೆಂದು ದೂರುವವರಿದ್ದಾರೆ. ಹಾಗೆ ದೂರುವವರಿಗೆ ತಾಲಿನ್ನಿನ ಎರಡು ಬಗೆಯ ಸ್ವಯಂಸೇವಕರ ನಡುವೆ ಬೇರೆ ಯಾವ ಭೇದವನ್ನು ತೋರಿಸಲು ಸಾಧ್ಯವೆಂದು ಕೇಳಬೇಕಾಗುತ್ತದೆ.

ಭಾರತದಲ್ಲಿ, ಅದರಲ್ಲೂ ಬೆಂಗಳೂರಿನಂಥ ನಗರವಿರುವ ಕರ್ನಾಟಕದಲ್ಲಿ, ಇಂಥ ಕೌಶಲಕ್ಕೆ ಬರವಿಲ್ಲ. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಪ್ರಕರಣದಡಿ ಒಡೆಯನ ಅನುಮತಿಯಿಲ್ಲದೆ ಯಂತ್ರದೊಳಗೆ ಪ್ರವೇಶಿಸಿದವನು, ಬಿರುಕನ್ನು ತೋರಿಸುವ ಸದುದ್ದೇಶದಿಂದ ಹೋಗಿದ್ದರೂ, ಪರಿಹಾರ ಕೊಡುವ ಹೊಣೆಗೆ ಗುರಿಯಾಗಬಹುದು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಸ್ವಯಂಸೇವಕ ಯೋಜನೆಯಲ್ಲಿ ಮೂರು ವರ್ಗಗಳಿವೆ: ಕಾನೂನುಬಾಹಿರ ಬರಹ, ಚಿತ್ರಗಳನ್ನು ಕಂಡು ವರದಿ ಮಾಡುವವರು, ಜಾಗೃತಿ ಮೂಡಿಸುವವರು, ಮತ್ತು ತಜ್ಞರು. ಮೊದಲನೆಯ ವರ್ಗಕ್ಕೆ ಪೂರ್ವಭಾವಿ ಗುರುತು ಪರಿಶೀಲನೆಯ ಅಗತ್ಯವನ್ನೇ ಯೋಜನೆ ಇಡಲಿಲ್ಲ, ಉಳಿದ ಎರಡಕ್ಕೆ ಇಟ್ಟಿತು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ವರದಿ ಮಾಡುವುದು ನಿಸ್ಸಂದೇಹವಾಗಿ ಅಭಯದಾನ. ಆದರೆ ಅದೇ ಯೋಜನೆಯಡಿ ಸಾರ್ವಭೌಮತ್ವ, ಸಾರ್ವಜನಿಕ ಶಾಂತಿಯಂಥ ವಿಶಾಲ ಹೆಸರುಗಳ ಕೆಳಗೆ ನೆರೆಯವನ ಮಾತನ್ನು ಪೊಲೀಸರಿಗೆ ಒಪ್ಪಿಸುವ ಅಧಿಕಾರವನ್ನು ಗುರುತೂ ತಿಳಿಯದವನ ಕೈಗೆ ಕೊಡುವುದು ಹಿಂಸಾದಾನದ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ. ಭಯ ಕಳೆಯಬೇಕಾದ ಕಾವಲು ಅಲ್ಲಿ ಭಯ ಹುಟ್ಟಿಸುವ ಕಾವಲಾಗುತ್ತದೆ. ಅಧಿಕಾರ ಸೂಕ್ಷ್ಮವಾದಷ್ಟೂ ಕಟ್ಟು ಬಿಗಿಯಾಗಬೇಕಿತ್ತು, ಇಲ್ಲಿ ಅದು ಹಿಂದುಮುಂದಾಗಿದೆ. ಪರಿಶೀಲನೆಯಿಲ್ಲದ ಆ ಮೊದಲನೆಯ ವರ್ಗವನ್ನು ಮಕ್ಕಳ ರಕ್ಷಣೆಯಷ್ಟಕ್ಕೆ ಸೀಮಿತಗೊಳಿಸಿ, ತಜ್ಞರ ವರ್ಗಕ್ಕೆ ಎಸ್ಟೋನಿಯಾದ 2013ರ ಕಾಯ್ದೆಯ ಮಾದರಿಯಲ್ಲಿ ಕರ್ತವ್ಯ, ನಿಷೇಧ, ರಕ್ಷಣೆ ಮೂರನ್ನೂ ಬರೆದ ಶಾಸನವೊಂದನ್ನು ಸಂಸತ್ತು ರೂಪಿಸಬೇಕು. ಅಂಥ ಶಾಸನ ಬರುವವರೆಗೆ ಕೌಶಲವುಳ್ಳವರು ಒಡೆಯನ ಲಿಖಿತ ಅನುಮತಿಯಿಲ್ಲದ ಯಾವ ಯಂತ್ರದೊಳಗೂ ಸೇವೆಯ ಹೆಸರಿನಲ್ಲಿ ಕಾಲಿಡಬಾರದು.